ಮೂಲಪ್ರತಿಯೂ ಸಮೀಪಪ್ರತಿಯೂ: ದತ್ತಾಂಶ ಕೇಂದ್ರಗಳಲ್ಲಿ ಕ್ಯಾಶ್ ವ್ಯವಸ್ಥೆ

ಗುಬ್ಬಿ, ಕುಣಿಗಲ್ ಸೀಮೆಗಳ ಶಾಸನಗಳನ್ನು ಓದಬಯಸುವ ವಿದ್ಯಾರ್ಥಿಯು ಪ್ರತಿಸಲವೂ ಕಲ್ಲಿನ ಬಳಿಗೆ ಹೋಗುವುದಿಲ್ಲ, ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವನ್ನು ತುಮಕೂರಿನಲ್ಲಿಯೇ ತೆರೆಯುತ್ತಾನೆ. ದತ್ತಾಂಶ ಕೇಂದ್ರಗಳ ‘ಕ್ಯಾಶ್’ ಎಂಬ ಏರ್ಪಾಡಿನ ತತ್ತ್ವವೂ ಇದೇ. ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ ಅವರು 1965ರಲ್ಲಿ ಗಣಕದ ಸ್ಮೃತಿಯ ವಿಷಯದಲ್ಲಿ ಇದನ್ನು ನಿರೂಪಿಸಿದರು.

ದತ್ತಾಂಶ ಕೇಂದ್ರದ ಯಂತ್ರಗಳು ಆಪರೇಟಿಂಗ್ ಸಿಸ್ಟಮ್ಮಿನ ‘ಇಮೇಜ್’ ಎಂಬ ಪ್ರತಿಯನ್ನು ಸರ್ವರಿನಿಂದ ತರಿಸಿಕೊಳ್ಳುವುದುಂಟು. 1 ಗಿಗಾಬೈಟಿನ ಇಮೇಜನ್ನು 1000 ಯಂತ್ರಗಳು ಒಮ್ಮೆಗೇ ಕೇಳಿದರೆ ಮೂಲ ಸರ್ವರು 1000 ಗಿಗಾಬೈಟ್ ಕಳುಹಿಸಬೇಕು. 40 ಯಂತ್ರಗಳಿಗೊಂದು ಕ್ಯಾಶ್ ಇದ್ದರೆ 25 ಪ್ರತಿಗಳೇ ಸಾಕು. ಆದರೆ ಮೊದಲ ಪ್ರತಿಯು ಬರುತ್ತಿರುವಾಗ ಉಳಿದ 39 ಕೋರಿಕೆಗಳನ್ನು ಕ್ಯಾಶ್ ತಡೆದಿರಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಅವೂ ಮೂಲಕ್ಕೇ ಹೋಗುವುವು.

ಅಪಾಯವೂ ಉಂಟು. ಮೂಲವನ್ನು ತಿದ್ದಿದ ಮೇಲೂ ಹಳೆಯ ಪ್ರತಿಯೇ ಹಂಚಿಕೆಯಾದರೆ, ನಿವಾರಿಸಿದ ಭದ್ರತಾದೋಷವು ಎಲ್ಲ ಯಂತ್ರಗಳಲ್ಲಿಯೂ ಉಳಿಯುತ್ತದೆ. ಆದುದರಿಂದ ಇಮೇಜನ್ನು ಬರಿಯ ಹೆಸರಿನಿಂದಲ್ಲದೆ, ಅದರ ಒಳಗಿನ ದತ್ತಾಂಶದಿಂದಲೇ ಗಣಿಸಿದ ‘ಹ್ಯಾಶ್’ ಸಂಖ್ಯೆಯಿಂದ ಗುರುತಿಸುವುದು ಲೇಸು. ಯಂತ್ರವು ಬಂದ ಪ್ರತಿಯ ಸಂಖ್ಯೆಯನ್ನು ತಾನೇ ಗಣಿಸಿ ತಾಳೆ ನೋಡುತ್ತದೆ, ಹೊಂದದಿದ್ದರೆ ತಿರಸ್ಕರಿಸುತ್ತದೆ. ಪಾಠದಲ್ಲಿ ಸಂಶಯ ಬಂದಾಗ ಕಲ್ಲನ್ನೇ ನೋಡಬೇಕೆಂಬ ಶಾಸನಜ್ಞರ ನಿಯಮವು ಇಲ್ಲಿಯೂ ಪ್ರಮಾಣವಾಗಿದೆ.