ಇಂಗಲ್ಸ್ ಮನೆತನ: ಪ್ರತೀತಿ ಮತ್ತು ವಾಸ್ತವ

ಹತ್ತೊಂಬತ್ತನೆಯ ಶತಮಾನದಲ್ಲಿ ಕಮಾನುಬಂಡಿ ಹೂಡಿಕೊಂಡು ಅಮೆರಿಕದ ಹುಲ್ಲುಗಾವಲುಗಳಿಗೆ ಹೊರಟ ಅಸಂಖ್ಯ ಬೇಸಾಯಗಾರರ ಪೈಕಿ ಚಾರ್ಲ್ಸ್ ಇಂಗಲ್ಸನಷ್ಟು ಲೋಕಪ್ರಸಿದ್ಧನಾದವನು ಇನ್ನೊಬ್ಬನಿಲ್ಲವೆಂದರೆ ಅತಿಶಯೋಕ್ತಿಯಾಗದು. ಆ ಪ್ರಸಿದ್ಧಿಯನ್ನು ಆತನಿಗೆ ಮರಣಾನಂತರ ತಂದಿತ್ತವಳು, 1932ರಿಂದ 1943ರವರೆಗೆ ‘ಲಿಟ್ಲ್ ಹೌಸ್’ ಮಾಲೆಯ ಎಂಟು ಕಾದಂಬರಿಗಳನ್ನು ಪ್ರಕಟಿಸಿದ ಮಗಳು ಲಾರಾ ಇಂಗಲ್ಸ್ ವೈಲ್ಡರ್. ಮಗಳು ಬರೆದುದು ಕಾದಂಬರಿಯೆಂಬುದನ್ನು ಮರೆತ ಓದುಗರು ಅದನ್ನೇ ವಂಶಚರಿತ್ರೆಯೆಂದು ಸ್ವೀಕರಿಸಿದುದರಿಂದ ಹಲವು ತಪ್ಪು ಕಲ್ಪನೆಗಳು ಬೇರೂರಿ ನಿಂತಿವೆ.

ಮೊದಲನೆಯದು, ಕ್ಯಾನ್ಸಾಸಿನಲ್ಲಿ ಆತನು ಯಾರಿಗೂ ಸೇರದ ಬಯಲಿನಲ್ಲಿ ಮನೆ ಕಟ್ಟಿದನೆಂಬುದೂ, ಸರ್ಕಾರದ ಸೈನಿಕರು ಬಂದು ಎಬ್ಬಿಸುವರೆಂಬ ಸುದ್ದಿಯಿಂದಾಗಿ ಅದನ್ನು ತೊರೆದನೆಂಬುದೂ. ವಾಸ್ತವದಲ್ಲಿ ಆ ನೆಲ ಓಸೇಜ್ ಜನಾಂಗದ ಮೀಸಲು ಪ್ರದೇಶವಾಗಿತ್ತು. ಐದು ವರ್ಷ ವಾಸಿಸಿ ಸಾಗುವಳಿ ಮಾಡಿದವರಿಗೆ 160 ಎಕರೆ ನೀಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯಿದೆ ಅಲ್ಲಿಗೆ ಅನ್ವಯಿಸುತ್ತಲೇ ಇರಲಿಲ್ಲವಾದ್ದರಿಂದ, 1869ರಲ್ಲಿ ಅಲ್ಲಿಗೆ ಬಂದಿಳಿದ ಇಂಗಲ್ಸನನ್ನು ಅನ್ಯರ ಭೂಮಿಯಲ್ಲಿ ಅನುಮತಿಯಿಲ್ಲದೆ ಬೀಡುಬಿಟ್ಟವನೆಂದೇ ಕರೆಯಬೇಕಾಗುತ್ತದೆ. ಮರುವರ್ಷದ ಆಗಸ್ಟ್ 3ರಂದು ಅಲ್ಲಿಯೇ ಮೂರನೆಯ ಮಗಳು ಕ್ಯಾರಿ ಹುಟ್ಟಿದಳು. ತಾಯಿ ಕ್ಯಾರೊಲೈನ್ ಮನೆಯ ಬೈಬಲಿನಲ್ಲಿ ಮಾಂಟ್ಗೊಮರಿ ಕೌಂಟಿ ಎಂದೇ ಜನ್ಮಸ್ಥಳವನ್ನು ಬರೆದಿಟ್ಟಳು. ಕಾದಂಬರಿಯಲ್ಲಾದರೋ ಕೂಸು ಕ್ಯಾರಿ ಬಂಡಿಯಲ್ಲಿ ಕುಳಿತೇ ಕ್ಯಾನ್ಸಾಸಿಗೆ ಬರುತ್ತಾಳೆ! 1871ರಲ್ಲಿ ಅವರು ಹಿಂತಿರುಗಲು ಮುಖ್ಯ ಕಾರಣವೂ ಸಪ್ಪೆಯಾದುದು: ಅವರು ಮಾರಿ ಬಂದಿದ್ದ ವಿಸ್ಕಾನ್ಸಿನ್ನಿನ ಜಮೀನನ್ನು ಕೊಂಡವನು ಬಾಕಿ ಹಣ ಕಟ್ಟಲಾರದೆ ಹೋದುದರಿಂದ ಅದು ಪುನಃ ಇವರ ಪಾಲಿಗೆ ಬಂದಿತ್ತು.

ಪಯನಿಯರನೆಂದರೆ ಸದಾ ಪಶ್ಚಿಮಾಭಿಮುಖನೆಂಬುದು ಎರಡನೆಯ ಪ್ರತೀತಿ. ಇಂಗಲ್ಸ್ ಕುಲದ ಮೂಲಪುರುಷ ಎಡ್ಮಂಡ್ ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸಿಗೆ ಬಂದವನು. 1836ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಯೂಬಾ ಎಂಬಲ್ಲಿ ಹುಟ್ಟಿದ ಚಾರ್ಲ್ಸ್ ತಂದೆತಾಯಿಗಳೊಡನೆ ವಿಸ್ಕಾನ್ಸಿನ್ನಿಗೆ ಬಂದು ಬೆಳೆದವನು. ಇಲ್ಲಿಯವರೆಗೆ ಪ್ರತೀತಿ ಸರಿಯೇ. ಆದರೆ ಆತನ ಸಂಸಾರ ಎರಡು ಬಾರಿ ಪೂರ್ವಕ್ಕೆ ಹಿಮ್ಮರಳಿತು. 1876ರಲ್ಲಿ ಅಯೋವಾದ ಬರ್ ಓಕಿಗೆ ಹೋಗಿ ಹೋಟೆಲೊಂದರಲ್ಲಿ ದುಡಿದು ಬದುಕಿದ ಕಾಲವನ್ನಂತೂ ಲಾರಾ ತನ್ನ ಕಾದಂಬರಿಗಳಿಂದ ಪೂರ್ತಿಯಾಗಿ ಕೈಬಿಟ್ಟಳು.

ಕೈಬಿಡಲು ಕಾರಣವಿತ್ತು. ಮಿನ್ನೆಸೋಟದ ವಾಲ್ನಟ್ ಗ್ರೋವಿನಲ್ಲಿ ಮಿಡತೆಯ ಹಿಂಡುಗಳು ಪೈರನ್ನು ಬುಡಸಹಿತ ತಿಂದುಹಾಕಿದ ಮೇಲೆ, 1875ರಲ್ಲಿ ಚಾರ್ಲ್ಸ್ ತನ್ನಲ್ಲಿ ಏನೇನೂ ಇಲ್ಲವೆಂಬ ಘೋಷಣಾಪತ್ರಕ್ಕೆ ಸಹಿ ಹಾಕಿ, ಪ್ರಾಂತ ಸರ್ಕಾರದಿಂದ ಎರಡು ಅರೆಪೀಪಾಯಿ ಹಿಟ್ಟನ್ನು ಪಡೆದನು. ಆ ನವೆಂಬರಿನಲ್ಲಿ ಹುಟ್ಟಿದ ಏಕಮಾತ್ರ ಪುತ್ರ ಫ್ರೆಡ್ಡಿ ಬರ್ ಓಕಿಗೆ ಹೋಗುವ ಮೊದಲೇ ಒಂಬತ್ತು ತಿಂಗಳ ಶಿಶುವಾಗಿ ತೀರಿಕೊಂಡನು. ಬರ್ ಓಕಿನಿಂದ ಅವರು ಹೊರಟದ್ದು, ಬಾಡಿಗೆಯ ಬಾಕಿಗೆ ಮನೆಯೊಡೆಯನು ಕುದುರೆಗಳನ್ನು ಹಿಡಿದಾನೆಂದು ಅಂಜಿ, ರಾತ್ರೋರಾತ್ರಿ! ಕುರುಡಿಯಾದ ಹಿರಿಯ ಮಗಳು ಮೇರಿ 1881ರಿಂದ ಅಯೋವಾದ ವಿಂಟನ್ನಿನ ಅಂಧರ ಕಾಲೇಜಿನಲ್ಲಿ ಕಲಿತದ್ದೂ ಆಗ ಸಂಸಾರ ನೆಲೆಸಿದ್ದ ಡಕೋಟ ಪ್ರಾಂತದ ಬೊಕ್ಕಸದ ನೆರವಿನಿಂದಲೇ. ಯಾರ ಹಂಗೂ ಇಲ್ಲದೆ ಬಾಳಿದ ಸಂಸಾರವೆಂಬ ಚಿತ್ರ ಈ ದಾಖಲೆಗಳ ಮುಂದೆ ನಿಲ್ಲಲಾರದು. ನನಗಾದರೋ ಇದರಿಂದ ಚಾರ್ಲ್ಸನ ಘನತೆ ಕುಂದಿದಂತೆ ತೋರುವುದಿಲ್ಲ, ಮಕ್ಕಳು ಹಸಿದಿರುವಾಗ ಅಭಿಮಾನವನ್ನು ನುಂಗಿ ಸಹಿ ಹಾಕುವುದು ಬಂಡಿ ಹೂಡುವುದಕ್ಕಿಂತ ಸುಲಭವಾದ ಸಾಹಸವೇನಲ್ಲ.

ಮೇರಿಯ ಕುರುಡುತನಕ್ಕೆ ಕೆಂಪು ಜ್ವರ ಕಾರಣವೆಂದು ಕಾದಂಬರಿ ಹೇಳುತ್ತದೆ. 2013ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನವೊಂದು ಅದು ಬಹುಶಃ ಮೆದುಳು ಮತ್ತು ಅದರ ಪೊರೆಗಳಿಗೆ ತಗುಲಿದ ವೈರಸ್ ಸೋಂಕೆಂದು ವಾದಿಸಿದೆ.

ಇನ್ನು ತಾವು ಚಾರ್ಲ್ಸನ ವಂಶಜರೆಂದು ಕೆಲವರು ಹೇಳಿಕೊಳ್ಳುವ ಅಭಿಮಾನದ ಮಾತು. ಇಂಗಲ್ಸ್ ಮನೆತನಕ್ಕೂ ಕ್ಯಾರೊಲೈನಳ ತವರಾದ ಕ್ವೈನರ್ ಮನೆತನಕ್ಕೂ ನಡುವೆ ಮೂರು ಮದುವೆಗಳಾದುವು: ಚಾರ್ಲ್ಸ್ ಕ್ಯಾರೊಲೈನಳನ್ನು 1860ರಲ್ಲಿ ವರಿಸಿದನಲ್ಲದೆ, ಆತನ ಅಣ್ಣ ಪೀಟರ್ ಆಕೆಯ ತಂಗಿ ಎಲೈಜಳನ್ನೂ, ಆತನ ತಂಗಿ ಪಾಲಿ ಆಕೆಯ ಅಣ್ಣ ಹೆನ್ರಿಯನ್ನೂ ವರಿಸಿದರು. ಆದುದರಿಂದ ಆ ಎರಡು ಶಾಖೆಗಳ ಸಂತಾನಕ್ಕೂ ಚಾರ್ಲ್ಸನ ಮಕ್ಕಳ ಅಜ್ಜ ಅಜ್ಜಿಯರೇ ಅಜ್ಜ ಅಜ್ಜಿಯರು, ಇದೇ ಎರಡು ಮನೆತನಗಳ ರಕ್ತ, ಗೊಂದಲವಾಗುವುದು ಸಹಜ. ಆದರೆ ಚಾರ್ಲ್ಸನ ಮಕ್ಕಳಲ್ಲಿ ಮೇರಿ ಅವಿವಾಹಿತೆ, ಕ್ಯಾರಿ ಮತ್ತು ಗ್ರೇಸ್ ನಿಸ್ಸಂತಾನರು. ಲಾರಾಳ ಗಂಡುಕೂಸು ಹೆಸರಿಡುವ ಮೊದಲೇ ಅಳಿದು, ಉಳಿದವಳು ಮಗಳು ರೋಸ್ ಒಬ್ಬಳೇ. ಆಕೆಯ ಆಸ್ತಿಗೆ ಹಕ್ಕುದಾರನಾದ ವಕೀಲ ರೋಜರ್ ಮ್ಯಾಕ್‌ಬ್ರೈಡ್ ರಕ್ತಸಂಬಂಧಿಯಲ್ಲ. ರೋಸ್ 1968ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಚಾರ್ಲ್ಸ್ ಇಂಗಲ್ಸನ ನೇರ ಸಂತತಿ ಅಲ್ಲಿಗೆ ಮುಗಿಯಿತು.