ಹಿತ್ತಿಲ ಗುಲಾಬಿಯ ಕುಲಮೂಲ

ಆಳೆತ್ತರಕ್ಕೆ ಬೆಳೆಯುವ ಗಿಡ. ನೇರವಾದ ಉದ್ದ ದಂಟಿನ ತುದಿಗೆ ನೀಳವಾದ ಒಂದೇ ಮೊಗ್ಗು. ಬಿರಿದರೆ ಅಂಗೈ ತುಂಬುವ ನಸುಗೆಂಪು ಹೂವು, ಬಗ್ಗಿ ಮೂಸುವ ಮೊದಲೇ ತಿಳಿಯುವ ಪರಿಮಳ. 'ಐಫೆಲ್ ಟವರ್' ಹೆಸರಿನ ಈ ಗುಲಾಬಿಯನ್ನು 1963ರಲ್ಲಿ ಹೊರತಂದವರು ಕ್ಯಾಲಿಫೋರ್ನಿಯಾದ ತಳಿಗಾರರಾದ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಹರ್ಬರ್ಟ್ ಸ್ವಿಮ್. ಹೈಬ್ರಿಡ್ ಟೀ ವರ್ಗದ ಈ ಹೂವಿಗೆ ಹೆಸರು ಪ್ಯಾರಿಸ್ಸಿನಿಂದ ಬಂತು, ಹುಟ್ಟು ಅಮೆರಿಕದಲ್ಲಾಯಿತು. ರಕ್ತಸಂಬಂಧ ಮಾತ್ರ ಚೀನಾ, ಪರ್ಷಿಯಾ, ಯುರೋಪು, ಮಣಿಪುರದ ಬೆಟ್ಟಗಳವರೆಗೂ ಹರಡಿದೆ.

ನದೀಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ. ಗುಲಾಬಿ ಬೆಳೆಯುವವರು ಮಾತ್ರ ಅದರ ಮೂಲವನ್ನು ಕೇಳಲೇಬೇಕು. ಈ ಗಿಡಕ್ಕೆ ಚಾಟನಿ ಯಾಕೆ ಬೇಕು, ಎಲೆ ನೆನೆದರೆ ಯಾಕೆ ಸೊರಗುತ್ತದೆ, ಬುಡದಿಂದ ಬೇರೊಂದು ಗುಲಾಬಿ ಯಾಕೆ ಚಿಗುರುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಅದರ ವಂಶಾವಳಿಯಲ್ಲೇ ಉತ್ತರವಿದೆ.

ಪೂರ್ವದಿಂದ ಬಂದ ವರ

ಹದಿನೆಂಟನೇ ಶತಮಾನದ ಯುರೋಪಿನ ತೋಟಗಳಲ್ಲಿ ಗುಲಾಬಿಗೆ ಕೊರತೆ ಇರಲಿಲ್ಲ. ಗ್ಯಾಲಿಕಾ, ಡಮಾಸ್ಕ್, ಸೆಂಟಿಫೋಲಿಯಾಗಳು ಚಳಿಗೆ ಜಗ್ಗದವು, ಪರಿಮಳಕ್ಕೆ ಹೆಸರಾದವು. ಆದರೆ ಶರತ್ಕಾಲದಲ್ಲಿ ಇನ್ನೊಮ್ಮೆ ಹೂ ಕೊಡುತ್ತಿದ್ದ ಡಮಾಸ್ಕ್‌ನ ಒಂದು ಬಗೆಯನ್ನು ಬಿಟ್ಟರೆ ಅವುಗಳ ಸಂಭ್ರಮವೆಲ್ಲ ಬೇಸಿಗೆಯ ಕೆಲವೇ ವಾರಗಳದ್ದು. ವರ್ಷವಿಡೀ ಮತ್ತೆ ಮತ್ತೆ ಅರಳುವ ಗುಣ ಇದ್ದದ್ದು ಚೀನಾದ ತೋಟಗಾರರು ಶತಮಾನಗಳಿಂದ ಸಾಕಿಕೊಂಡು ಬಂದಿದ್ದ ಗಿಡಗಳಲ್ಲಿ.

ಅಂಥ ನಾಲ್ಕು ಗಿಡಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. 1792ರ ಸುಮಾರಿಗೆ ಸ್ಲೇಟರ್ ಅವರ ಕೆಂಪು ಗುಲಾಬಿ, 1793ರಲ್ಲಿ ಪಾರ್ಸನ್ಸ್ ಅವರ ನಸುಗೆಂಪು, 1809ರಲ್ಲಿ ಹ್ಯೂಮ್ ಅವರ ತಿಳಿಗೆಂಪು, 1824ರಲ್ಲಿ ಪಾರ್ಕ್ಸ್ ತಂದ ಹಳದಿ. ಇವುಗಳಲ್ಲಿ ಮೊದಲನೆಯದು ಕಲ್ಕತ್ತಾದ ಮೂಲಕ ಸಾಗಿತು. ಆ ಕಾಲದ ಫ್ರೆಂಚರು ಚೀನಾ ಗುಲಾಬಿಗಳನ್ನು ಬಂಗಾಳದ ಗುಲಾಬಿಗಳೆಂದೇ ಕರೆಯುತ್ತಿದ್ದರು. ಕೊನೆಯ ಎರಡು ಗಿಡಗಳ ಹೂವಿಗೆ ಚಹಾ ಎಲೆಯನ್ನು ನೆನಪಿಸುವ ಪರಿಮಳವಿತ್ತು. ಟೀ ಗುಲಾಬಿಗಳೆಂಬ ಬಳಗ ಬೆಳೆದದ್ದು ಅವುಗಳಿಂದ.

ಈ ಟೀ ಗುಲಾಬಿಗಳ ಹಿಂದಿರುವುದು ರೋಸಾ ಜೈಗಾಂಟಿಯಾ ಎಂಬ ಕಾಡುಗುಲಾಬಿ. ಮರದ ತುದಿಯವರೆಗೆ ಹಬ್ಬುವ ಬಳ್ಳಿ, ನೀಳ ಮೊಗ್ಗು, ದೊಡ್ಡ ಬಿಳಿ ಹೂವು. ನೈಋತ್ಯ ಚೀನಾ, ಬರ್ಮಾ, ಮಣಿಪುರ ಅದರ ತವರು. 1882ರಲ್ಲಿ ಸಸ್ಯವಿಜ್ಞಾನಿ ಜಾರ್ಜ್ ವ್ಯಾಟ್ ಮಣಿಪುರದ ಬೆಟ್ಟಗಳಲ್ಲಿ ಅದನ್ನು ಕಂಡು ಮಾದರಿ ಸಂಗ್ರಹಿಸಿದರು. ಇವತ್ತಿನ ಎತ್ತರದ ಗುಲಾಬಿಗಳ ಚೂಪು ಮೊಗ್ಗಿನಲ್ಲಿ ಆ ಕಾಡುಬಳ್ಳಿಯ ಛಾಯೆ ಇದೆ.

ಲಿಯಾನ್‌ನ ತೋಟ, ವಿಲ್ಟ್‌ಶೈರ್‌ನ ಕೊಟ್ಟಿಗೆ

ಪೂರ್ವ ಪಶ್ಚಿಮಗಳ ಈ ಸಂಬಂಧ ಕುದುರಲು ದಶಕಗಳೇ ಹಿಡಿದವು. 1867ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಜಾನ್ ಬ್ಯಾಪ್ಟಿಸ್ಟ್ ಗಿಯೋ ಹೊರತಂದ ಬೆಳ್ಳಿಮಿಶ್ರಿತ ನಸುಗೆಂಪಿನ ಹೂವು ದೇಶದ ಹೆಸರನ್ನೇ ಪಡೆಯಿತು: 'ಲಾ ಫ್ರಾನ್ಸ್'. ಟೀ ಗುಲಾಬಿಯ ಮೊಗ್ಗು, ಹಳೆಯ ಯುರೋಪಿನ ಗುಲಾಬಿಯ ಗಟ್ಟಿತನ, ಗಾಢ ಪರಿಮಳ ಮೂರೂ ಅದರಲ್ಲಿದ್ದವು. ಮೊದಲ ಹೈಬ್ರಿಡ್ ಟೀ ಎಂದು ಲೋಕ ಒಪ್ಪಿರುವುದು ಇದನ್ನೇ. 1867ಕ್ಕಿಂತ ಮುಂಚೆ ಇದ್ದ ವರ್ಗಗಳು ಹಳೆಯ ಗುಲಾಬಿ, ನಂತರ ಬಂದವು ಆಧುನಿಕ ಗುಲಾಬಿ ಎಂದು ಗುಲಾಬಿ ಸಂಘಗಳು ಗೆರೆ ಎಳೆದಿರುವುದೂ ಇಲ್ಲೇ.

ಆದರೆ 'ಲಾ ಫ್ರಾನ್ಸ್' ಹೆಚ್ಚುಕಡಿಮೆ ಬಂಜೆ. ಸಾಮಾನ್ಯವಾಗಿ ಟೀ ಗುಲಾಬಿಗೆ 14 ವರ್ಣತಂತುಗಳು, ಯುರೋಪಿನ ಹಳೆಯ ತೋಟದ ಗುಲಾಬಿಗೆ 28. ಇಬ್ಬರ ಮಗಳಿಗೆ 21. ಈ ಬೆಸಸಂಖ್ಯೆ ಸರಿಯಾಗಿ ಪಾಲಾಗದೆ ಬೀಜ ಕಟ್ಟುವುದೇ ಅಪರೂಪವಾಯಿತು. ಅದರ ತಂದೆತಾಯಿ ಯಾರೆಂಬುದನ್ನು ಗಿಯೋ ಅವರೂ ಖಚಿತವಾಗಿ ಹೇಳಲಾರದೆ ಹೋದರು.

ಈ ತೊಡಕನ್ನು ಬಿಡಿಸಲು ದಾರಿ ತೋರಿದವರು ಇಂಗ್ಲೆಂಡಿನ ವಿಲ್ಟ್‌ಶೈರ್‌ನ ರೈತ ಹೆನ್ರಿ ಬೆನೆಟ್. ಅಲ್ಲಿಯವರೆಗೆ ತಳಿಗಾರರು ಬಹುಪಾಲು ಜೇನ್ನೊಣವನ್ನೋ ಗಾಳಿಯನ್ನೋ ನಂಬಿ ಬೀಜ ಕೂಡಿಸುತ್ತಿದ್ದರು. ಬೆನೆಟ್ ದನಕರುಗಳ ತಳಿ ಸುಧಾರಿಸಿ ಪಳಗಿದ್ದವರು. ಅದೇ ಶಿಸ್ತನ್ನು ಗುಲಾಬಿಗೂ ತಂದರು. ಗಾಜಿನ ಮನೆಯಲ್ಲಿ ಗಿಡ ಬೆಳೆಸಿ, ಕೈಯಿಂದಲೇ ಪರಾಗ ಮುಟ್ಟಿಸಿ, ತಾಯಿ ತಂದೆಯ ಹೆಸರನ್ನು ಬರೆದಿಟ್ಟರು. 1879ರಲ್ಲಿ ಹೀಗೆ ವಂಶಾವಳಿ ಇರುವ ಹತ್ತು ಗುಲಾಬಿಗಳನ್ನು ಪ್ರಕಟಿಸಿದರು. 1882ರ ಅವರ ನಸುಗೆಂಪು 'ಲೇಡಿ ಮೇರಿ ಫಿಟ್ಸ್‌ವಿಲಿಯಂ' ಫಲವತಿಯಾಗಿತ್ತು. ಅದರ ಪರಾಗದಿಂದ ಲಿಯಾನ್‌ನ ಪೆರ್ನೆ ಡ್ಯೂಶೆ 1890ರಲ್ಲಿ ಪಡೆದ 'ಮದಾಮ್ ಕ್ಯಾರೊಲಿನ್ ಟೆಸ್ಟೌಟ್' ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬೀದಿಬೀದಿಗಳಲ್ಲಿ ಸಾವಿರಾರು ಗಿಡವಾಗಿ ನಿಂತಿತು.

ಗುಲಾಬಿ ಪಶ್ಚಿಮ ಕರಾವಳಿಗೆ ಹೀಗೆ ತಲುಪಿದ ಮೇಲೆ ಕ್ಯಾಲಿಫೋರ್ನಿಯಾದ ಬಿಸಿಲು ಅದಕ್ಕೆ ಒಗ್ಗಿತು. ವಾಲ್ಟರ್ ಲ್ಯಾಮರ್ಟ್ಸ್ 1940ರಲ್ಲಿ ಕೊಟ್ಟ 'ಷಾರ್ಲೆಟ್ ಆರ್ಮ್‌ಸ್ಟ್ರಾಂಗ್' ಎತ್ತರ, ನೀಳ ಮೊಗ್ಗು, ಸದೃಢ ಬೆಳವಣಿಗೆ ಎಲ್ಲವನ್ನೂ ಮಕ್ಕಳಿಗೆ ದಾಟಿಸುವ ತಾಯಿ. ಅದರ ತಂದೆ ಜರ್ಮನಿಯ ಕಡುಗೆಂಪು ಸುಗಂಧಿ 'ಕ್ರಿಮ್ಸನ್ ಗ್ಲೋರಿ'. 1954ರ ಹೆಸರಾಂತ 'ಕ್ವೀನ್ ಎಲಿಜಬೆತ್' ಅದರ ಮಗಳು. 'ಫಸ್ಟ್ ಲವ್' ಇನ್ನೊಬ್ಬ ಮಗಳು. ಆ 'ಫಸ್ಟ್ ಲವ್' ಹೊತ್ತ ಬೀಜದಿಂದ ಬಂದದ್ದು 'ಐಫೆಲ್ ಟವರ್'.

ವಂಶ ಹೇಳುವ ಆರೈಕೆ

ಚೀನಾ ಗುಲಾಬಿ ಸದಾ ಅರಳುವುದು ಒಂದು ವಂಶವಾಹಿ ಕೆಟ್ಟದ್ದರಿಂದ. ಕಾಡುಗುಲಾಬಿಯಲ್ಲಿ ಕೆಎಸ್ಎನ್ ಎಂಬ ವಂಶವಾಹಿ ಋತು ಮುಗಿದೊಡನೆ ಹೂ ಬಿಡುವುದನ್ನು ತಡೆಯುತ್ತದೆ. ಚೀನಾ ಗುಲಾಬಿಯಲ್ಲಿ ಡಿಎನ್ಎಯ ಒಂದು ತುಣುಕು ಅದರೊಳಗೆ ಬಂದು ಕುಳಿತು, ಆ ತಡೆ ಸಡಿಲವಾಯಿತು. ಹೀಗಾಗಿ ಹೈಬ್ರಿಡ್ ಟೀಯಲ್ಲಿ ಹೊಸ ಚಿಗುರೆಂದರೆ ಹೊಸ ಮೊಗ್ಗು. ಚಾಟನಿ ಮಾಡುವುದು ಆ ಚಿಗುರನ್ನು ಕರೆಯುವುದಕ್ಕೆ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಮಳೆ ಹಿಂದೆ ಸರಿಯುವ ಅಕ್ಟೋಬರ್ ಇದಕ್ಕೆ ಹದವಾದ ಕಾಲ. ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ತುದಿಗೆ ಬೋರ್ಡೋ ಪೇಸ್ಟ್ ಹಚ್ಚಿದರೆ ಆರೇಳು ವಾರಗಳಲ್ಲಿ ಹೂವು. ಎತ್ತರದ ಜಾತಿಯನ್ನು ಮೊಣಕಾಲಿಗಿಂತ ಕೆಳಗೆ ಕಡಿಯಬಾರದು. ಮರ ಹತ್ತುವ ಬಳ್ಳಿಯ ಸಂತತಿ ಅದು, ಗಿಡ್ಡ ಮಾಡಿದರೆ ಶಕ್ತಿಯೆಲ್ಲ ಮತ್ತೆ ಮೇಲೇರುವುದಕ್ಕೇ ಖರ್ಚಾಗುತ್ತದೆ.

ಕಪ್ಪು ಚುಕ್ಕೆ ರೋಗದ ಹಿಂದೆಯೂ ಒಬ್ಬ ಪೂರ್ವಜರಿದ್ದಾರೆ. ಗಾಢ ಹಳದಿ ಬಣ್ಣದ ಆಸೆಗೆ ಪೆರ್ನೆ ಡ್ಯೂಶೆ ಪರ್ಷಿಯಾದ ಹಳದಿ ಗುಲಾಬಿಯನ್ನು ಕೂಡಿಸಿ 1900ರಲ್ಲಿ 'ಸೊಲೈ ದೋರ್' ಪಡೆದರು. ಬಣ್ಣದೊಂದಿಗೆ ಆ ರೋಗಕ್ಕೆ ಬೇಗ ತುತ್ತಾಗುವ ಗುಣವೂ ಮುಂದಿನ ಪೀಳಿಗೆಗಳಿಗೆ ಹರಿಯಿತು. ಆ ರೋಗ ತರುವ ಶಿಲೀಂಧ್ರಕ್ಕೆ ಬೇಕಾದದ್ದು ಗಂಟೆಗಟ್ಟಲೆ ನೆನೆದಿರುವ ಎಲೆ. ಅದಕ್ಕೇ ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಬೇಕು. ಗಿಡದಿಂದ ಗಿಡಕ್ಕೆ ಮೂರಡಿ ಅಂತರ, ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಬಿದ್ದ ಎಲೆಗಳನ್ನು ಆರಿಸಿ ಹೊರಹಾಕಬೇಕು.

ಇನ್ನು ಬುಡ. ನರ್ಸರಿಯ ಗುಲಾಬಿ ಕಣ್ಣುಕಸಿಯ ಗಿಡ, ಕೆಳಗಿನ ಬೇರು ಇನ್ನೊಂದರದ್ದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಬೇರುಸಸಿಗಳಲ್ಲಿ ಒಂದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಬೇಲಿಗಳಲ್ಲಿ ಚೀನಾದ ನಸುಗೆಂಪೂ ಡಮಾಸ್ಕ್ ಗುಲಾಬಿಯೂ ತಾವಾಗಿ ಬೆರೆತು ಹುಟ್ಟಿದ್ದು ಅದು. ಪುಷ್ಕರದಲ್ಲಿ ಗುಲ್ಕನ್ ಆಗುವುದೂ ಅದರ ಎಸಳೇ. ಹೀಗೆ ಮೇಲಿನ ಹೂವಿಗೂ ಕೆಳಗಿನ ಬೇರಿಗೂ ದೂರದ ನೆಂಟಸ್ತಿಕೆ ಇದ್ದರೂ ಇರಬಹುದು. ಆದರೆ ಕಸಿಗಂಟಿನ ಕೆಳಗಿನಿಂದ ಎದ್ದ ಚಿಗುರು ಮೇಲಿನ ಗಿಡದ ಅನ್ನವನ್ನು ಕಸಿಯುತ್ತದೆ. ಅದನ್ನು ಕತ್ತರಿಸದೆ, ಹುಟ್ಟಿದ ಜಾಗದಿಂದಲೇ ಕಿತ್ತುಹಾಕಬೇಕು. ನೆಡುವಾಗ ಎರಡಡಿ ಗುಂಡಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ, ಕಸಿಗಂಟು ಮಣ್ಣಿನ ಮೇಲೆಯೇ ಉಳಿಯುವಂತೆ ನೋಡಿಕೊಳ್ಳಬೇಕು.

ಪರಿಮಳದ ಪಾಲು

ಇಷ್ಟೆಲ್ಲ ಗುಣಗಳ ನಡುವೆ ಕೈಜಾರಿದ್ದು ಪರಿಮಳ. ಕಟಾವಿನ ಹೂವಿನ ಮಾರುಕಟ್ಟೆಗೆ ದಂಟಿನ ಉದ್ದವೂ ಬಾಳಿಕೆಯೂ ಮುಖ್ಯವಾದವು. ಆಯ್ಕೆ ಆ ಕಡೆ ವಾಲಿದ್ದರಿಂದ ಹೂವಿನಂಗಡಿಯ ಗುಲಾಬಿಗಳಲ್ಲಿ ಬಹಳಷ್ಟು ವಾಸನೆಯಿಲ್ಲದವಾದವು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗುಲಾಬಿಯ ಎಸಳಿನಲ್ಲಿ ಜೆರಾನಿಯಾಲ್ ಎಂಬ ಸುಗಂಧ ತಯಾರಾಗಲು ನೆರವಾಗುವ ಕಿಣ್ವವೊಂದನ್ನು ಗುರುತಿಸಿದರು. ಪರಿಮಳದ ಹೂಗಳಲ್ಲಿ ಚುರುಕಾಗಿರುವ ಆ ಕಿಣ್ವ ವಾಸನೆಯಿಲ್ಲದ ಹೂಗಳಲ್ಲಿ ಮಂದವಾಗಿತ್ತು. 2018ರಲ್ಲಿ ಅದೇ ಲಿಯಾನ್‌ನ ವಿಜ್ಞಾನಿಗಳ ನೇತೃತ್ವದ ತಂಡ ಚೀನಾದ ನಸುಗೆಂಪು ಗುಲಾಬಿಯ ಜೀನೋಮನ್ನು ಓದಿ ಪ್ರಕಟಿಸಿತು. ಯಾವ ಗುಣ ಯಾವ ಪೂರ್ವಜರದೆಂದು ತಿಳಿದು ಆರಿಸುವ ಕಾಲ ಬಂದಿದೆ.

ನಮ್ಮಲ್ಲೂ ಈ ಕೆಲಸಕ್ಕೆ ದೊಡ್ಡ ಪರಂಪರೆ ಇದೆ. ತುಕ್ಕುರೋಗ ತಡೆಯುವ ಗೋಧಿ ತಳಿಗಳನ್ನು ಕೊಟ್ಟ ಬಿ.ಪಿ. ಪಾಲ್ ಗುಲಾಬಿಯ ಹೊಸ ತಳಿಗಳನ್ನೂ ಸೃಷ್ಟಿಸಿ, ಭಾರತದಲ್ಲಿ ಗುಲಾಬಿ ಬೆಳೆಯುವ ಬಗ್ಗೆ ಪುಸ್ತಕ ಬರೆದರು. ಕೊಡೈಕೆನಾಲ್‌ನ ಎಂ.ಎಸ್. ವೀರರಾಘವನ್ ಮತ್ತು ಗಿರಿಜಾ ದಂಪತಿ ಮಣಿಪುರದ ಅದೇ ಜೈಗಾಂಟಿಯಾವನ್ನು ಮರಳಿ ತಳಿಗೆ ತಂದು, ಬಿಸಿ ಹವೆಗೆ ಒಗ್ಗುವ ಗುಲಾಬಿಗಳನ್ನು ರೂಪಿಸಿದ್ದಾರೆ. ಯುರೋಪಿನ ಚಳಿಗೆಂದು ತಿದ್ದಿದ ಗಿಡವನ್ನು ನಮ್ಮ ಬಿಸಿಲಿನಲ್ಲಿ ಔಷಧಿ ಹೊಡೆದು ಉಳಿಸಿಕೊಳ್ಳುವುದಕ್ಕಿಂತ ಇದು ನೇರವಾದ ದಾರಿ.

ಹಿತ್ತಿಲಲ್ಲಿ ಒಂದೆರಡು ಗಿಡ ಬೆಳೆಯುವವರಿಗೂ ಇದರಲ್ಲಿ ಪಾಲಿದೆ. ಲಾರಿಯಲ್ಲಿ ಸಾಗಿಸುವ, ವಾರಗಟ್ಟಲೆ ಇಡುವ ಹಂಗು ಮನೆಯ ಹೂವಿಗಿಲ್ಲ. ಅದಕ್ಕೆ ಪರಿಮಳವನ್ನು ಬಿಟ್ಟುಕೊಡುವ ಅಗತ್ಯವೂ ಇಲ್ಲ. ನರ್ಸರಿಗೆ ಹೋದಾಗ ಬಣ್ಣದ ಜೊತೆಗೆ ತಳಿಯ ಹೆಸರನ್ನೂ ಕೇಳಿ, ಬೆಳಗಿನ ಹೊತ್ತು ಅರಳಿದ ಹೂವನ್ನು ಮೂಸಿ ನೋಡಿ, ಪರಿಮಳವಿರುವ ಗಿಡವನ್ನೇ ತನ್ನಿ. ಕೊಳ್ಳುವವರು ಕೇಳುತ್ತಿದ್ದರೆ ನರ್ಸರಿಯವರು ಕಸಿ ಕಟ್ಟುತ್ತಾರೆ. ಕಸಿ ಕಟ್ಟುತ್ತಿರುವವರೆಗೂ ತಳಿ ಉಳಿಯುತ್ತದೆ.