ವಲಸೆ ಅರ್ಜಿಯಲ್ಲಿ ಸಂಶೋಧನೆಯ ತೂಕ

ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ ಅಲ್ಲಿಯೇ ಎಂಜಿನಿಯರಿಂಗ್ ಸಂಶೋಧನೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಫೋನ್ ಮಾಡಿದ್ದ. "ಸರ್, ನನ್ನ ಗ್ರೀನ್ ಕಾರ್ಡ್ ಅರ್ಜಿಗೆ ಒಂದು ಶಿಫಾರಸು ಪತ್ರ ಬರೆದುಕೊಡ್ತೀರಾ?" ಸಂತೋಷದಿಂದಲೇ ಬರೆದೆ: ಚುರುಕು ಬುದ್ಧಿಯವನು, ಶ್ರಮಜೀವಿ, ವಿನಯಶೀಲ. ಅವನ ವಕೀಲರು ಪತ್ರವನ್ನು ಹಿಂದಿರುಗಿಸಿದರು. ನಾನು ಬರೆದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅರ್ಜಿ ಕೇಳುವ ಪ್ರಶ್ನೆ ಅದಾಗಿರಲಿಲ್ಲ. ಹಾಗಾದರೆ ಆ ಪ್ರಶ್ನೆ ಯಾವುದು?

ಮೂರು ದಾರಿಗಳು

ಉದ್ಯೋಗದ ಆಧಾರದ ಮೇಲೆ ಅಮೆರಿಕದಲ್ಲಿ ನೆಲೆಸಲು ಸಲ್ಲಿಸುವ ಅರ್ಜಿಯ ನಮೂನೆ ಐ-140. ಸಾಮಾನ್ಯವಾಗಿ ಉದ್ಯೋಗದಾತರು, ಆ ಕೆಲಸಕ್ಕೆ ಯೋಗ್ಯರಾದ ಸ್ಥಳೀಯರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಗೆ ಮೊದಲು ತೋರಿಸಿಕೊಡಬೇಕು. ಸಂಶೋಧಕರಿಗೆ ಈ ಹಂತವಿಲ್ಲದ ಮೂರು ದಾರಿಗಳಿವೆ. ಇವುಗಳ ಚೌಕಟ್ಟು 1990ರ ವಲಸೆ ಕಾಯಿದೆಯಿಂದ ಬಂದದ್ದು.

ಮೊದಲನೆಯದು ಇಬಿ-1ಎ, ಅಸಾಧಾರಣ ಸಾಮರ್ಥ್ಯವುಳ್ಳವರಿಗೆ. ಪ್ರಶಸ್ತಿ, ಪ್ರಬಂಧ, ಇತರರ ಕೆಲಸದ ಮೌಲ್ಯಮಾಪನ ಮುಂತಾದ ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಬೇಕು. ಎರಡನೆಯದು ಇಬಿ-1ಬಿ, ಶ್ರೇಷ್ಠ ಪ್ರಾಧ್ಯಾಪಕರು ಮತ್ತು ಸಂಶೋಧಕರಿಗೆ. ಇಲ್ಲಿ ಆರರಲ್ಲಿ ಎರಡು ಸಾಕು. ಆದರೆ ಮೂರು ವರ್ಷಗಳ ಅನುಭವವೂ ಉದ್ಯೋಗದ ಆಹ್ವಾನವೂ ಬೇಕು. ಮೂರನೆಯದು ಇಬಿ-2 ವರ್ಗದಲ್ಲಿ ದೊರೆಯುವ 'ರಾಷ್ಟ್ರಹಿತದ ವಿನಾಯಿತಿ'. ಮೊದಲನೆಯ ಮತ್ತು ಮೂರನೆಯ ದಾರಿಯಲ್ಲಿ ಸಂಶೋಧಕ ತಾನೇ ಅರ್ಜಿ ಹಾಕಿಕೊಳ್ಳಬಹುದು.

ಸೇತುವೆ ಮತ್ತು ಎಂಜಿನ್

ರಾಷ್ಟ್ರಹಿತವನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರ ನೀಡಿದ ಎರಡು ಮುಖ್ಯ ತೀರ್ಪುಗಳೂ ಎಂಜಿನಿಯರುಗಳ ಅರ್ಜಿಗಳಿಂದಲೇ ಹುಟ್ಟಿದವು. ಮೊದಲನೆಯದು ಸೇತುವೆಗಳ ಎಂಜಿನಿಯರೊಬ್ಬರಿಗಾಗಿ ನ್ಯೂಯಾರ್ಕ್ ರಾಜ್ಯ ಸಾರಿಗೆ ಇಲಾಖೆ ಸಲ್ಲಿಸಿದ ಅರ್ಜಿಗೆ ಸಂಬಂಧಿಸಿದ್ದು. ಸೇತುವೆಗಳು ದೇಶಕ್ಕೆ ಮುಖ್ಯವೆಂದು 1998ರ ಈ ತೀರ್ಪು ಒಪ್ಪಿತು. ಆದರೂ ಅರ್ಜಿಯನ್ನು ತಿರಸ್ಕರಿಸಿತು. ಕ್ಷೇತ್ರ ಮುಖ್ಯವಾದ ಮಾತ್ರಕ್ಕೆ ಸಾಲದು, ಅದರಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ವಿನಾಯಿತಿ ಸಲ್ಲದು ಎಂಬುದು ಅದರ ತಿರುಳು.

2016ರ ಡಿಸೆಂಬರ್‌ನಲ್ಲಿ ಹೊಸ ತೀರ್ಪೊಂದು ಅದರ ಸ್ಥಾನಕ್ಕೆ ಬಂದಿತು. ಇಲ್ಲಿನ ಅರ್ಜಿದಾರರು ಹೈಪರ್‌ಸಾನಿಕ್, ಅಂದರೆ ಶಬ್ದವೇಗದ ಐದು ಪಟ್ಟಿಗಿಂತ ಹೆಚ್ಚಿನ ವೇಗದ, ನೋದನ ವ್ಯವಸ್ಥೆಗಳ ಸಂಶೋಧಕರು. ಮೊದಲು ತಿರಸ್ಕೃತವಾಗಿದ್ದ ಅವರ ಅರ್ಜಿ ಮೇಲ್ಮನವಿಯಲ್ಲಿ ಗೆದ್ದಿತು. ಈ ತೀರ್ಪು ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಉದ್ದೇಶಿತ ಕೆಲಸಕ್ಕೆ ಹುರುಳೂ ರಾಷ್ಟ್ರಮಟ್ಟದ ಮಹತ್ವವೂ ಇವೆಯೇ? ಅದನ್ನು ಮುಂದೊಯ್ಯಲು ಅರ್ಜಿದಾರ ಸಮರ್ಥನೇ? ಎಲ್ಲವನ್ನೂ ತೂಗಿ ನೋಡಿದರೆ, ವಿನಾಯಿತಿಯಿಂದ ದೇಶಕ್ಕೆ ಪ್ರಯೋಜನವಿದೆಯೇ?

ಅಧ್ಯಾಪಕರು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಅದೇ ಅರ್ಜಿದಾರರು ತಾವು ಮಾಡಲಿದ್ದ ಬೋಧನೆಯನ್ನೂ ಮುಂದಿಟ್ಟಿದ್ದರು. ಬೋಧನೆಗೆ ಹುರುಳಿದೆ, ಆದರೆ ಅದರ ಪರಿಣಾಮ ತರಗತಿಯಾಚೆ ರಾಷ್ಟ್ರಮಟ್ಟವನ್ನು ಮುಟ್ಟುತ್ತದೆಂದು ತೋರಿಸಿಲ್ಲ ಎಂದಿತು ತೀರ್ಪು. ಗೆದ್ದದ್ದು ಸಂಶೋಧನೆಯ ಬಲದಿಂದ.

ಪತ್ರವೂ ಒಂದು ಅಳತೆ

ಈಗ ನನ್ನ ಪತ್ರದ ದೋಷ ಸ್ಪಷ್ಟವಾಗುತ್ತದೆ. ನಾನು ವ್ಯಕ್ತಿಯನ್ನು ಹೊಗಳಿದ್ದೆ. ಬೇಕಾಗಿದ್ದದ್ದು ಅವನ ಕೆಲಸದ ಪರಿಣಾಮ. ಅವನು ಕಂಡುಕೊಂಡದ್ದೇನು, ಅದನ್ನು ಬೇರೆಯವರು ಎಲ್ಲಿ ಬಳಸಿದ್ದಾರೆ, ಬಳಸಿದ್ದರಿಂದ ಏನು ಬದಲಾಯಿತು? ಇಂತಹ ವಿವರಗಳು ಅರ್ಜಿದಾರನೊಂದಿಗೆ ಕೆಲಸ ಮಾಡದ ತಜ್ಞರಿಂದ ಬಂದರೆ ತೂಕ ಹೆಚ್ಚು. ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆ ಪರಿಣಾಮದ ಸೂಚಕವೇ ಹೊರತು ಪರಿಣಾಮವೇ ಅಲ್ಲ. ಉಷ್ಣಮಾಪಕದ ಪಾದರಸವೇ ಜ್ವರವಲ್ಲ, ಅಲ್ಲವೇ?

ಎರಡನೆಯ ಬಾರಿಗೆ ಪತ್ರದ ಕರಡೇ ಸಿದ್ಧವಾಗಿ ಬಂದಿತು, ನಾನು ಸಹಿ ಹಾಕಿದರೆ ಮುಗಿಯಿತು. 'ಜಗತ್ತಿನಲ್ಲೇ ಮೊದಲು' ಎಂಬ ಮಾತು ಅದರಲ್ಲಿತ್ತು. ನಾನು ಪರಿಶೀಲಿಸಲಾರದ ಮಾತದು. ವಿದ್ಯಾರ್ಥಿಯ ಭವಿಷ್ಯ ಒಂದೆಡೆ, ನನ್ನ ಸಹಿ ಇನ್ನೊಂದೆಡೆ. ಆ ಮಾತನ್ನು ಹೊಡೆದುಹಾಕಿ, ನನಗೆ ತಿಳಿದಿದ್ದ ಎರಡು ಫಲಿತಾಂಶಗಳನ್ನು ಬಿಡಿಸಿ ಬರೆದೆ. ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆಯಲು ಕಲಿಸಿದವನು ನಾನೇ ಅಲ್ಲವೇ? ಅರ್ಜಿ ಮಂಜೂರಾಯಿತು.

ಮಂಜೂರಾದ ಮೇಲೆ

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಅರ್ಜಿಯ ಮಂಜೂರಾತಿ ಬೇರೆ, ಗ್ರೀನ್ ಕಾರ್ಡ್ ಬೇರೆ. ಉದ್ಯೋಗಾಧಾರಿತ ವೀಸಾಗಳ ಮೂಲ ಮಿತಿ ವರ್ಷಕ್ಕೆ 1,40,000. ಇದರಲ್ಲಿ ಇಬಿ-2ರ ಪಾಲು ಶೇ. 28.6, ಅಂದರೆ ಸುಮಾರು 40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿಯಿದೆ. ಲೆಕ್ಕ ಹಾಕಿದರೆ ಸುಮಾರು 2,800, ಅದೂ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಸೇರಿ. ಬೇರೆಯವರು ಬಳಸದೆ ಉಳಿದದ್ದು ಮಾತ್ರ ಇದಕ್ಕೆ ಕೂಡುತ್ತದೆ. ಮಿತಿಯ ಗಾತ್ರ ಎಲ್ಲ ದೇಶಗಳಿಗೂ ಒಂದೇ ಆಗಿರುವುದರಿಂದ ಭಾರತೀಯರ ಸಾಲು ಬೆಳೆಯುತ್ತಲೇ ಹೋಗುತ್ತದೆ. 2025ರ ಜೂನ್ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಸಾಲು 2013ರ ಜನವರಿ 1ಕ್ಕೆ ನಿಂತಿತ್ತು!

ಹಾಗಾದರೆ ಮಂಜೂರಾತಿಯಿಂದ ಲಾಭವೇನು? ಸಾಲಿನಲ್ಲಿ ಅವನ ದಿನಾಂಕ ನಿಗದಿಯಾಗುತ್ತದೆ. ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುವ ಎಚ್-1ಬಿ ಅವಧಿಯನ್ನು, ಸಾಲು ಮುಂದೆ ಬರುವವರೆಗೆ ವಿಸ್ತರಿಸಿಕೊಳ್ಳಬಹುದು. ಆದರೆ ಮಕ್ಕಳಿಗೆ ಕಾಯುವ ಕಾಲಕ್ಕೂ ಮಿತಿಯಿದೆ. ಅರ್ಜಿಯ ಪರಿಶೀಲನೆಗೆ ಹಿಡಿದ ಕಾಲವನ್ನು ಕಳೆದ ಮೇಲೂ ವಯಸ್ಸು 21 ದಾಟಿದರೆ, ಅವರು ತಂದೆ ತಾಯಿಯ ಅರ್ಜಿಯಿಂದ ಹೊರಬೀಳುತ್ತಾರೆ.

ನನ್ನ ವಿದ್ಯಾರ್ಥಿ ಇನ್ನೂ ಸಾಲಿನಲ್ಲಿದ್ದಾನೆ. ಅವನ ಮಗಳು ಈಗ ಪ್ರೌಢಶಾಲೆಯಲ್ಲಿದ್ದಾಳೆ. ಹೊರಡಲು ಸಿದ್ಧರಾಗುವ ತರುಣರಿಗೆ ನಾನು ಎರಡು ಮಾತು ಹೇಳುತ್ತೇನೆ. ನಿಮ್ಮ ಕೆಲಸವನ್ನು ಯಾರು, ಎಲ್ಲಿ ಬಳಸಿದರೆಂಬ ದಾಖಲೆಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಸಾಲಿನ ಉದ್ದವನ್ನು ಹೊರಡುವ ಮೊದಲೇ ಲೆಕ್ಕ ಹಾಕಿ.